ದೇವರ ಎತ್ತು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಒಡನಾಡಿ ಪ್ರಾಣಿ ಮತ್ತು ಬರೆಯದ ಕಟ್ಟಳೆಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ದನಗಾಹಿ ಸಮುದಾಯವಾದ ಮ್ಯಾಸನಾಯಕರು ತಮ್ಮ ಕುಲದೈವದ ಹೆಸರಿನಲ್ಲಿ ಸಾಕಿಕೊಂಡು ಬಂದಿರುವ ದನದ ಹಿಂಡುಗಳಿಗೆ ದೇವರ ಎತ್ತು ಎಂದು ಹೆಸರು. ಹೆಸರಿನಲ್ಲಿ ಎತ್ತು ಎಂದಿದ್ದರೂ ಹಿಂಡಿನಲ್ಲಿ ಹೋರಿ, ಹಸು, ಕರು ಎಲ್ಲವೂ ಇರುತ್ತವೆ. ಇವು ಯಾರೊಬ್ಬರ ಸ್ವತ್ತೂ ಅಲ್ಲ. ಇವುಗಳ ಹೆಗಲಿಗೆ ನೊಗ ಏರುವುದಿಲ್ಲ, ಇವು ಸಂತೆಗೆ ಹೋಗುವುದಿಲ್ಲ, ಕಟುಕರ ಕೈಗೆ ಸಿಗುವುದಿಲ್ಲ. ಇವುಗಳ ಜೊತೆ ಹಗಲಿರುಳು ಇರುವವನು ಕಿಲಾರಿ. ಮನುಷ್ಯ ಮತ್ತು ಹಿಂಡಿನ ನಡುವೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಆಯಾ ಕಟ್ಟೆಮನೆ, ಅಂದರೆ ಕುಲದ ನ್ಯಾಯ ನಡೆಸುವ ನೆಲೆ, ತೀರ್ಮಾನಿಸುತ್ತದೆ. ಪುಸ್ತಕ ಇಲ್ಲ, ಮುದ್ರೆ ಇಲ್ಲ. ಆದರೂ ತಪ್ಪಿ ನಡೆದವರು ದಂಡ ತೆರಬೇಕು.

ಪಕ್ಕದ ಜಗಳೂರು, ಕೂಡ್ಲಿಗಿ ತಾಲ್ಲೂಕುಗಳಲ್ಲೂ ಆಂಧ್ರದ ರಾಯದುರ್ಗದ ಕಡೆಯೂ ಇದೇ ಪದ್ಧತಿಯನ್ನು ಕಾಣಬಹುದು. ಜಿಲ್ಲೆ, ರಾಜ್ಯಗಳ ಗೆರೆ ಬರುವುದಕ್ಕೆ ಮೊದಲೇ ಈ ಹಿಂಡುಗಳು ಅಲ್ಲೆಲ್ಲ ಮೇಯುತ್ತಿದ್ದವು. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಊರುಗಳಿವು. ದನವನ್ನು ಕೂಗಿ ಕರೆಯುವಾಗ ಯಾವ ಮಾತು ಯಾವ ಭಾಷೆಯದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನೆಲದ ಗುಣ

ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆಗೆ ಎಂದಿನಿಂದಲೂ ಜಾಗವಿದೆ. ವೇದಾವತಿ ಈ ಸೀಮೆಯ ನಡುವೆ ಹರಿದರೂ ವರ್ಷದ ಹೆಚ್ಚು ದಿನ ಮರಳೇ ಕಾಣುತ್ತದೆ. ಶೇಂಗಾ ಬೆಳೆದು, ಎಣ್ಣೆ ಮಿಲ್ಲುಗಳಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂತು. ಮೊಳಕಾಲ್ಮೂರಿಗೆ ಹೆಸರು ತಂದದ್ದು ರೇಷ್ಮೆ ಸೀರೆ. ಆದರೆ ಈ ಎರಡೂ ಬೆಳೆಯುವ ಮುನ್ನ ಇಲ್ಲಿನ ಆಸ್ತಿ ಎಂದರೆ ಹುಲ್ಲುಗಾವಲು. ಮಳೆ ಒಂದು ಕಡೆ ಬಿದ್ದು ಇನ್ನೊಂದು ಕಡೆ ಕೈಕೊಡುವ ಊರಿನಲ್ಲಿ ಹೊಲ ನಂಬಿದವನಿಗಿಂತ ದನ ಹೊಡೆದುಕೊಂಡು ಹೋಗಬಲ್ಲವನ ಬದುಕು ಗಟ್ಟಿ.

ಮೈಸೂರು ಅರಸರು ಕೂಡ ಈ ಹುಲ್ಲಿನ ಬೆಲೆ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನದ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಆ ತಳಿ ಬೆಳೆಯಿತು. ಅದಕ್ಕೆಂದೇ ಮೀಸಲಿಟ್ಟ ಕಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲೂ ಇದ್ದವು. ಅಮೃತ ಮಹಲ್ ಎತ್ತು ತೋಪಿನ ಗಾಡಿ ಎಳೆಯುವ ಎತ್ತು. ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ಮುಟ್ಟಿದ್ದು ಈ ದನಗಳ ಬಲದಿಂದ ಎಂದು ಇತಿಹಾಸಕಾರರು ಬರೆದಿದ್ದಾರೆ. ಹೀಗೆ ಒಂದೇ ಬಯಲಿನಲ್ಲಿ ಎರಡು ಬಗೆಯ ದನ ಮೇದವು. ಒಂದು ದೊರೆಯ ದಂಡಿನದು, ಇನ್ನೊಂದು ದೇವರದು. ಮೊದಲನೆಯದಕ್ಕೆ ಕಡತ, ಲೆಕ್ಕ, ದಾರೋಗ ಇದ್ದರು. ಎರಡನೆಯದಕ್ಕೆ ಕಿಲಾರಿಯ ನೆನಪೇ ಕಡತ.

ಬರೆದ ಕಟ್ಟಳೆ ಈ ಸೀಮೆಗೆ ಹೊಸದೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು ಎಂಬ ಮಾತುಗಳ ಜೊತೆಗೇ ಪ್ರಾಣಿಗಳ ವಿಷಯದಲ್ಲಿ ಗೌರವ ಅಲುಗದಂತೆ ಇರಬೇಕು ಎಂಬ ಅಪ್ಪಣೆ ಆ ಬಂಡೆಗಳ ಮೇಲಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು ಅದು. ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆಜ್ಞೆ. ಅದಕ್ಕೂ ದೇವರ ಎತ್ತಿನ ಪದ್ಧತಿಗೂ ನೇರ ನಂಟು ಕಟ್ಟುವುದು ಉತ್ಸಾಹದ ಮಾತಾದೀತು. ಆದರೆ ಬಂಡೆಯ ಸುತ್ತ ಇಂದಿಗೂ ದನ ಮೇಯುತ್ತವೆ ಎಂಬುದು ಉತ್ಪ್ರೇಕ್ಷೆಯಲ್ಲ. ಜಟಿಂಗ ರಾಮೇಶ್ವರದ ಬೆಟ್ಟಕ್ಕಂತೂ ಇನ್ನೊಂದು ಕಥೆಯಿದೆ: ಸೀತೆಯನ್ನು ಬಿಡಿಸಲು ಹೋಗಿ ಜಟಾಯು ರೆಕ್ಕೆ ಕಳೆದುಕೊಂಡು ಬಿದ್ದದ್ದು ಇಲ್ಲೇ ಎಂದು ಊರವರು ತೋರಿಸುತ್ತಾರೆ. ಮನುಷ್ಯರ ಜಗಳದಲ್ಲಿ ಪಕ್ಷ ವಹಿಸಿ ಜೀವ ತೆತ್ತ ಪ್ರಾಣಿಗೆ ಗುಡಿ ಕಟ್ಟಿದ ಬೆಟ್ಟ ಅದು.

ಏನೇನು ಮಾಡಕೂಡದು

ಮ್ಯಾಸನಾಯಕರ ಸಮಾಜ ಬೆಡಗುಗಳಲ್ಲಿ, ಕಟ್ಟೆಮನೆಗಳಲ್ಲಿ ಹಂಚಿಹೋಗಿದೆ. ಒಂದೊಂದು ಕಟ್ಟೆಮನೆಗೂ ಪೆಟ್ಟಿಗೆ ದೇವರಿದೆ: ದೇವರ ಸಾಮಾನುಗಳನ್ನು ಪೆಟ್ಟಿಗೆಯಲ್ಲಿಟ್ಟು, ಹೊತ್ತು ತಿರುಗುವ ಪದ್ಧತಿ. ದನದ ಹಿಂದೆ ನಡೆಯುವವರಿಗೆ ಒಂದೇ ಕಡೆ ನಿಲ್ಲುವ ದೇವರು ಒದಗಿಬರುವುದಿಲ್ಲವಲ್ಲ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಟ್ಟೆಮನೆ ಇವುಗಳಲ್ಲಿ ಹೆಸರಾದದ್ದು. ಕುಲದ ನಡವಳಿಕೆಯಲ್ಲೂ ಪ್ರಾಣಿಗಳ ಲೆಕ್ಕವಿದೆ. ಮ್ಯಾಸನಾಯಕರಲ್ಲಿ ಸಂಪ್ರದಾಯ ಪಾಲಿಸುವವರು ಕೋಳಿ ಮುಟ್ಟುವುದಿಲ್ಲ, ಹೆಂಡ ಕುಡಿಯುವುದಿಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಕೋಳಿಯ ನಿಷೇಧ ದಾಖಲಾಗಿದೆ.

ಎತ್ತಿನ ಕಟ್ಟಳೆಗಳು ಊರಿಂದೂರಿಗೆ ಬೇರೆ. ಆದರೂ ಬಹುತೇಕ ಹಿಂಡುಗಳಲ್ಲಿ ಒಂದಿಷ್ಟು ಸಾಮಾನ್ಯ. ಹರಕೆಗೆ ಬಿಟ್ಟ ಕರು ಒಮ್ಮೆ ಹಿಂಡು ಸೇರಿತೆಂದರೆ ಬಿಟ್ಟವನಿಗೂ ಅದರ ಮೇಲೆ ಹಕ್ಕಿಲ್ಲ. ಉಳುಮೆಗಾಗಲಿ ಗಾಡಿಗಾಗಲಿ ಕಟ್ಟುವಂತಿಲ್ಲ. ಹಾಲು ಮೊದಲು ಕರುವಿಗೆ, ಉಳಿದರೆ ದೇವರ ಕೆಲಸಕ್ಕೆ. ಡೇರಿಯ ಕ್ಯಾನಿಗೆ ಸುರಿಯುವಂತಿಲ್ಲ. ರೊಪ್ಪದೊಳಗೆ ಕೆರ ಮೆಟ್ಟಿ ಕಾಲಿಡುವಂತಿಲ್ಲ. ಹೊಲಕ್ಕೆ ನುಗ್ಗಿ ನಾಲ್ಕು ಬಾಯಿ ಮೇದರೆ ರೈತ ಅಟ್ಟಬಹುದು, ಬಡಿಯುವಂತಿಲ್ಲ. ದೇವರೇ ಮೇದಿದ್ದಾನೆ ಎಂದುಕೊಂಡು ಸುಮ್ಮನಾಗುವವರೂ ಉಂಟು, ಒಳಗೊಳಗೇ ಬೈದುಕೊಳ್ಳುವವರೂ ಉಂಟು. ಸತ್ತ ಎತ್ತನ್ನು ಎಳೆದು ಬಿಸಾಡುವಂತಿಲ್ಲ. ಮನೆಯ ಹಿರಿಯನಿಗೆ ಮಾಡಿದಂತೆ ಪೂಜೆ ಮಾಡಿ ಮಣ್ಣು ಮಾಡಬೇಕು.

ಹೀಗೆ ಪಟ್ಟಿ ಮಾಡುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಎತ್ತು ಏನು ಮಾಡಬೇಕು ಎಂಬ ಕಟ್ಟಳೆ ಒಂದೂ ಇಲ್ಲ. ಇರುವುದೆಲ್ಲ ಮನುಷ್ಯನ ಕೈ ಕಟ್ಟುವಂಥವು.

ಕಿಲಾರಿಯ ಬದುಕು ಈ ಕಟ್ಟಳೆಗಳ ನಡುವೆಯೇ ನಡೆಯಬೇಕು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲೊಂದು ಕೋಲು. ಬೆಳಗಿನ ಜಾವ ರೊಪ್ಪದ ಮುಳ್ಳುಪಡಿ ಸರಿಸಿದಾಗ ಹಿಂಡು ತಾನೇ ಒಂದು ಕ್ರಮದಲ್ಲಿ ಹೊರಬೀಳುತ್ತದೆ. ಮುಂದೆ ಹೋಗುವ ಹೋರಿ ಯಾವುದು, ಹಿಂದುಳಿಯುವ ಮುದಿ ಹಸು ಯಾವುದು ಎಂಬುದು ಅವನಿಗೆ ಗೊತ್ತು. ಇಂಥ ಕಡೆ ನೀರು, ಇಂಥ ಕಡೆ ನೆರಳು, ಇಂಥ ಹುಲ್ಲು ಮಳೆ ಬಿದ್ದ ಮೊದಲ ವಾರ ಮೇಯಿಸಿದರೆ ಹೊಟ್ಟೆ ಉಬ್ಬರ. ಇವೆಲ್ಲ ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ. ಸಂಬಳ ಎಂಬುದು ಹೆಸರಿಗೆ. ಭಕ್ತರು ಕೊಡುವ ಕಾಳುಕಡಿ, ಜಾತ್ರೆಯ ಕಾಣಿಕೆಯಲ್ಲಿ ಒಂದಿಷ್ಟು ಪಾಲು. ರೊಪ್ಪದ ಗೊಬ್ಬರಕ್ಕೆ ಮಾತ್ರ ರೈತರಲ್ಲಿ ಯಾವಾಗಲೂ ಬೇಡಿಕೆ. ದುಡಿಯದ ದನದಿಂದ ಊರಿಗೆ ಆಗುವ ಲೆಕ್ಕಕ್ಕೆ ಸಿಗುವ ಲಾಭ ಅದೊಂದೇ. ಲೆಕ್ಕಕ್ಕೆ ಸಿಗದ ಇನ್ನೊಂದು ಲಾಭವೆಂದರೆ ತಳಿ: ಮಿಶ್ರತಳಿ ಹಸು ಮನೆಮನೆಗೆ ಬಂದ ಕಾಲದಲ್ಲೂ ಈ ಹಿಂಡುಗಳಲ್ಲಿ ಸ್ಥಳೀಯ ದನದ ಚಹರೆ ಉಳಿದಿದೆ. ಉದ್ದನೆಯ ಮುಖ, ಹಿಂದಕ್ಕೆ ಬಾಗಿ ಮೇಲೇಳುವ ಕೊಂಬು, ಸಪೂರ ಮೈ.

ಹಿಂಡಿಗೂ ಜನಕ್ಕೂ ಇರುವ ನಂಟಿನ ಅತ್ಯಂತ ವಿಚಿತ್ರ ರೂಪ ಮಣೇವು. ಹಬ್ಬದ ದಿನ ಕಂಬಳಿ ಹಾಸಿ ಗದ್ದುಗೆ ಮಾಡಿ, ಅದರ ಮುಂದೆ ಬಾಳೆಹಣ್ಣು, ಬೆಲ್ಲ, ಹಾಲು, ತುಪ್ಪ ಕಲಸಿದ ಎಡೆ ಇಡುತ್ತಾರೆ. ಮಣೇವು ಹಾಕುವವರು ಕೈ ಮುಟ್ಟಿಸದೆ, ಮಂಡಿಯೂರಿ ಬಾಗಿ, ನೇರ ಬಾಯಿಂದಲೇ ಅದನ್ನು ತಿನ್ನುತ್ತಾರೆ. ಮೂಗಿಗೆ, ಗಡ್ಡಕ್ಕೆ ಬೆಲ್ಲ ಅಂಟುತ್ತದೆ. ಪಕ್ಕದವರ ತಲೆಗೆ ತಲೆ ತಾಗುತ್ತದೆ. ಸುತ್ತ ನಿಂತ ಹುಡುಗರು ನಗುತ್ತಾರೆ, ಹಿರಿಯರು ಗದರುತ್ತಾರೆ. ಮೇವಿನ ತೊಟ್ಟಿಗೆ ಬಾಯಿಟ್ಟ ದನದ ಭಂಗಿ ಅದು. ಅಷ್ಟು ಹೊತ್ತು ಮನುಷ್ಯ ಎತ್ತಿನ ಪಾತ್ರ ವಹಿಸುತ್ತಾನೆ. ಈ ಸೀಮೆಯ ಇನ್ನೊಂದು ದನಗಾಹಿ ಸಮುದಾಯವಾದ ಕಾಡುಗೊಲ್ಲರಲ್ಲೂ, ಮೈಲಾರನ ಒಕ್ಕಲಿನ ಗೊರವರಲ್ಲೂ ಮಣೇವು ಉಂಟು.

ವೀರರು ಮತ್ತು ಅವರ ದನ

ಈ ಸೀಮೆಯ ಹಾಡುಗಥೆಗಳಲ್ಲಿ ನಾಯಕ ಒಬ್ಬನೇ ಬರುವುದು ಅಪರೂಪ. ಹಿಂದೆ ದನ ಇದ್ದೇ ಇರುತ್ತವೆ. ಮ್ಯಾಸನಾಯಕರ ಗಾದ್ರಿಪಾಲನಾಯಕ ದನ ಕಾಯುವ ವೀರ, ಹುಲಿಯೊಡನೆ ಸೆಣಸಿದವನು. ಜಗಳೂರು ಪಾಪನಾಯಕನ ಕಥೆಯೂ ಇದೇ ಬಳಗದ್ದು. ಕಾಡುಗೊಲ್ಲರಲ್ಲಿ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರು ಒಂದು ಕಾಲದ ದನಗಾಹಿಗಳು, ಇಂದಿನ ದೇವರು. ಜುಂಜಪ್ಪನ ನೆಲೆ ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿದ್ದರೂ ಅವನ ಹಾಡು ಚಳ್ಳಕೆರೆಯ ಹಟ್ಟಿಗಳಲ್ಲಿ ದಟ್ಟವಾಗಿದೆ. ಅವನ ಮೆಚ್ಚಿನ ಎತ್ತು ಬಡಮೈಲ. ಸೋದರಮಾವಂದಿರೇ ವಿಷವಿಟ್ಟು ಜುಂಜಪ್ಪನನ್ನು ಕೊಂದರು ಎನ್ನುತ್ತದೆ ಕಾವ್ಯ. ನೆಂಟರಿಗಿಂತ ದನ ನೆಚ್ಚಿಗೆಯದು ಎಂಬ ಅನುಭವ ಕಥೆಯ ಉದ್ದಕ್ಕೂ ಕೇಳುತ್ತದೆ. ಹಾಡುವವರು ಊದುವುದು ಗಣೆ ಎಂಬ ಉದ್ದನೆಯ ಬಿದಿರ ಕೊಳಲು. ಅದರ ನಾದ ಕೇಳಿ ದನ ತಿರುಗಿ ಬರುತ್ತಿದ್ದವು ಎಂಬ ಮಾತನ್ನು ಗಣೆಯವರು ಇಂದಿಗೂ ಹೇಳುತ್ತಾರೆ.

ಈ ಪರಂಪರೆಯ ದೊಡ್ಡ ದನಿ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯದು. ಓದುಬರಹ ಬಾರದ ಈಕೆಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರು ಅವುಗಳನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕ ಮಾಡಿದರು. ಕಾಡುಗೊಲ್ಲರ ಆಚರಣೆಗಳ ಬಗ್ಗೆ ತೀ.ನಂ. ಶಂಕರನಾರಾಯಣ ವಿಸ್ತಾರವಾಗಿ ಬರೆದಿದ್ದಾರೆ. ದೇವರ ದನದ ಕಟ್ಟಳೆಗಳನ್ನು ಒಂದು ಕಡೆ ಕಾಣಬೇಕೆಂದರೆ ಕಾನೂನಿನ ಪುಸ್ತಕಕ್ಕಿಂತ ಇಂಥ ಹಾಡುಗಳನ್ನೇ ಹುಡುಕಬೇಕು.

ಕಾಡುಗೊಲ್ಲರ ಕಟ್ಟಳೆಯಲ್ಲಿ ಮುಳ್ಳಿಗೆ ದೊಡ್ಡ ಪಾತ್ರ. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಕುರಿ ರೊಪ್ಪಕ್ಕೆ ಮುಳ್ಳು, ದೇವರಿಗೂ ಮುಳ್ಳು. ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಬಾರೆ ಕಂಪೆಯನ್ನು ಒಟ್ಟಿ ಗುಡಿಯ ಆಕಾರ ಮಾಡುತ್ತಾರೆ. ತುದಿಯಲ್ಲಿ ಕಳಸ. ಬರಿಗಾಲಿನ ಯುವಕರು ಆ ಮುಳ್ಳಿನ ರಾಶಿಯ ಮೇಲೆ ಹತ್ತಿ ಕಳಸ ಇಳಿಸಬೇಕು. ನೋಡುವವರ ಮೈ ಜುಮ್ಮೆನ್ನುತ್ತದೆ. ಹತ್ತುವವರು ಅರೆಗಳಿಗೆಯಲ್ಲಿ ಮೇಲಿರುತ್ತಾರೆ.

ಇದೆಲ್ಲವನ್ನೂ ಮೆಚ್ಚಿ ಬರೆಯುವವರು ಮರೆಯುವ ಒಂದು ಮಾತಿದೆ. ದನ, ದೇವರು, ಹಟ್ಟಿ ಇವುಗಳ ಮಡಿ ಕಾಪಾಡುವ ಹೊರೆ ಹೆಚ್ಚಾಗಿ ಹೆಣ್ಣಿನ ಮೇಲೆ ಬಿದ್ದಿದೆ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಹಸಿ ಬಾಣಂತಿಯನ್ನು ಕೂಸಿನ ಸಮೇತ ಬೇಲಿಯ ಹೊರಗಿನ ಗುಡ್ಲಿನಲ್ಲಿ ಇರಿಸುವ ರೂಢಿ ಇತ್ತೀಚಿನವರೆಗೂ ಬಲವಾಗಿತ್ತು, ಪೂರ್ತಿ ಹೋಗಿಯೂ ಇಲ್ಲ. ಮಳೆಗೆ, ಚಳಿಗೆ ಆ ಗುಡ್ಲಿನಲ್ಲಿ ನರಳಿದ ಹೆಣ್ಣುಮಕ್ಕಳಿಗೆ ಎತ್ತಿಗಿದ್ದಷ್ಟು ರಕ್ಷಣೆಯೂ ಇರಲಿಲ್ಲ. ಕಟ್ಟಳೆಯನ್ನು ಮಾಡಿದವರು ಯಾರು, ಪಾಲಿಸಬೇಕಾದವರು ಯಾರು ಎಂಬ ಪ್ರಶ್ನೆ ಇಲ್ಲಿ ತಪ್ಪುವುದಿಲ್ಲ.

ಹಾಸಿನ ಮೇಲಿನ ಪ್ರಾಣಿಗಳು

ದನ ಮೇಯಿಸುವವರ ಮಧ್ಯಾಹ್ನ ದೊಡ್ಡದು. ಹಿಂಡು ನೆರಳಿಗೆ ಮಲಗಿ ಮೆಲುಕು ಹಾಕುವಾಗ ಹೊತ್ತು ಕಳೆಯಲು ಬಂಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಆಡುವುದು ಹುಲಿ–ಕುರಿ ಆಟ. ಕನ್ನಡ ನಾಡಿನಲ್ಲಿ ಆಡು–ಹುಲಿ, ಹುಲಿಘಟ್ಟ ಎಂದೂ ಹೆಸರಿದೆ; ಗಡಿ ದಾಟಿದರೆ ಅದೇ ಪುಲಿ–ಮೇಕ. ಹಂಪಿಯ ಗುಡಿಗಳ ಹಾಸುಗಲ್ಲುಗಳಲ್ಲಿ ಇಂಥ ಆಟದ ಮನೆಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಬೆಟ್ಟದ ಆಕಾರದ ಮುಕ್ಕೋನ ಹಾಸು, ಗೆರೆ ಕೂಡುವ ಕಡೆ 23 ಮನೆ. ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ 15 ಕುರಿ. ಹುಣಸೆ ಬೀಜ ಕುರಿ, ಬೆಣಚುಕಲ್ಲು ಹುಲಿ. ಕುರಿಯವನು ಒಂದೊಂದಾಗಿ ಕುರಿ ಇಳಿಸುತ್ತಾನೆ. ಎಲ್ಲ ಇಳಿಯುವ ತನಕ ಇಳಿದ ಕುರಿ ಕದಲುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ಓಡಾಡಬಹುದು, ಪಕ್ಕದ ಕುರಿಯನ್ನು ನೇರ ಗೆರೆಯಲ್ಲಿ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಆ ಕುರಿ ಸತ್ತಂತೆ. ಹುಲಿಗಳನ್ನು ಕದಲದಂತೆ ಕಟ್ಟಿಹಾಕಿದರೆ ಕುರಿಯವನು ಗೆದ್ದ.

ಇಲ್ಲಿಯವರೆಗೆ ಜಗಳವಿಲ್ಲ. ಮುಂದಿನದೆಲ್ಲ ಮನೆಗಟ್ಟಳೆ. ಹುಲಿ ಒಂದೇ ಏಟಿಗೆ ಎರಡು ಕುರಿ ಹಾರಬಹುದೇ? ಹಾರುವ ಅವಕಾಶ ಇದ್ದಾಗ ಹಾರಲೇಬೇಕೇ, ಬಿಟ್ಟುಕೊಡಬಹುದೇ? ಎಷ್ಟು ಕುರಿ ಹೋದರೆ ಸೋಲು? ಒಂದು ಊರಿನಲ್ಲಿ ಐದು, ಇನ್ನೊಂದು ಊರಿನಲ್ಲಿ ಅರ್ಧಕ್ಕರ್ಧ. ಬೀಗರ ಊರಿಗೆ ಹೋದವನು ಆಟಕ್ಕೆ ಕೂರುವ ಮುನ್ನ ಮೊದಲು ಮಾತಾಡಿಕೊಳ್ಳಬೇಕಾದದ್ದು ಇದನ್ನೇ. ನೇಪಾಳದ ಬಾಘ್‌ಚಾಲ್ ಇದರ ಸೋದರ ಆಟ, ನಾಲ್ಕು ಹುಲಿ, 20 ಆಡು, ಚೌಕದ ಹಾಸಿನಲ್ಲಿ 25 ಮನೆ. ಅದನ್ನು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಗಣಕ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕೊನೆಯವರೆಗೂ ಲೆಕ್ಕ ಹಾಕಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಆಟ ಸಮ ಎಂದು ತೋರಿಸಿದರು. ಬಂಡೆಯ ಮೇಲೆ ಆಡುವವರು ತಪ್ಪಿಲ್ಲದೆ ಆಡುವುದಿಲ್ಲ. ಅದರಿಂದಲೇ ಆಟಕ್ಕೆ ರುಚಿ.

ಕುರಿ ಕಾಯುವವನು ಹುಲಿಯ ಕಡೆ ಕೂತು ಆಡುವಾಗ ಏನೆನ್ನಿಸುತ್ತದೋ! ಹುಲಿ ಅವನ ನಿಜವಾದ ಶತ್ರು. ಆದರೆ ಹಾಸಿನ ಮೇಲೆ ಹುಲಿಯ ಕಡೆ ಆಡಲು ಹುಡುಗರಲ್ಲಿ ಪೈಪೋಟಿ. ವೇಷ ಹಾಕುವ ಖುಷಿ ಬೇರೆಯೇ.

ಈ ವೇಷದ ಖುಷಿಯನ್ನೇ ಪೂರ್ಣಾವಧಿ ಆಟವಾಗಿಸಿದ್ದು ಅಮೆರಿಕದವರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನಾಲ್ಕಾರು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತಾ ಕಥೆ ಕಟ್ಟುತ್ತಾರೆ. ಕಾಡು ಅಲೆಯುವ ರೇಂಜರ್ ಎಂಬ ಪಾತ್ರಕ್ಕೆ ತೋಳ, ಗಿಡುಗದಂಥ ಒಡನಾಡಿ ಪ್ರಾಣಿ ಇರಬಹುದು. 2014ರ ಐದನೆಯ ಆವೃತ್ತಿಯಲ್ಲಿ ಈ ಪ್ರಾಣಿಗೆ ಬರೆದ ನಿಯಮಗಳು ಆಟಗಾರರ ಸಿಟ್ಟಿಗೆ ಗುರಿಯಾದವು. ಒಡೆಯ ತನ್ನ ಸರದಿಯ ಕ್ರಿಯೆಯನ್ನು ಬಿಟ್ಟುಕೊಟ್ಟು ಅಪ್ಪಣೆ ಮಾಡದಿದ್ದರೆ ಪ್ರಾಣಿ ಎದುರಾಳಿಯ ಮೇಲೆ ಬೀಳುವುದೇ ಇಲ್ಲ; ಹೆಬ್ಬುಲಿಯೇ ಎದುರಿಗೆ ಬಂದರೂ ಹೇಳುವ ತನಕ ಕಾಯುತ್ತದೆ. ಪ್ರಾಣಿ ಸತ್ತರೆ ಎಂಟು ಗಂಟೆ ಮಂತ್ರ ಹಾಕಿ ಇನ್ನೊಂದನ್ನು ಒಲಿಸಿಕೊಳ್ಳಬಹುದು. ಮಧ್ಯಮ ಗಾತ್ರಕ್ಕಿಂತ ದೊಡ್ಡ ಪ್ರಾಣಿ ಸಲ್ಲದು ಎಂಬ ಷರತ್ತೂ ಇತ್ತು. ಆ ಲೆಕ್ಕದಲ್ಲಿ ದನ ದೊಡ್ಡ ಗಾತ್ರದ್ದು. ಬಡಮೈಲ ಬಾಗಿಲಲ್ಲೇ ಹೊರಗುಳಿಯುತ್ತಾನೆ.

ಹೀಗಾಗಿ ಆಟದ ಮನೆಗಳಲ್ಲಿ ತಂತಮ್ಮ ನಿಯಮ ಬರೆದುಕೊಳ್ಳುವ ರೂಢಿ ಹಬ್ಬಿತು: ಪ್ರಾಣಿಗೆ ಅದರದೇ ಸರದಿ, ಒಡೆಯನ ಜೊತೆಗೆ ಅದರ ಬಲವೂ ಬೆಳೆಯುವುದು, ಪೆಟ್ಟು ತಿಂದು ಬಿದ್ದರೆ ತಕ್ಷಣ ಸಾಯದಿರುವುದು. 2020ರಲ್ಲಿ ಪ್ರಕಾಶಕರೇ ಪರ್ಯಾಯ ನಿಯಮ ತಂದು ಇದರಲ್ಲಿ ಕೆಲವನ್ನು ಒಪ್ಪಿಕೊಂಡರು. ಆದರೂ ಅಚ್ಚಿನ ನಿಯಮವಿರಲಿ ಮನೆಯ ನಿಯಮವಿರಲಿ ಕೇಳುವ ಪ್ರಶ್ನೆ ಒಂದೇ ಬಗೆಯದು. ಪ್ರಾಣಿ ಎಷ್ಟು ದೂರ ಓಡುತ್ತದೆ, ಎಷ್ಟು ಪೆಟ್ಟು ಕೊಡುತ್ತದೆ, ಎಷ್ಟು ತಾಳಿಕೊಳ್ಳುತ್ತದೆ. ನನ್ನಿವಾಳದ ಕಡೆಯ ಕಿಲಾರಿಗೆ ಇವನ್ನು ಓದಿ ಹೇಳಿದರೆ ಇದು ಮಾರಾಟಕ್ಕೆ ಬಂದ ಹೋರಿಯ ವರ್ಣನೆ ಎಂದುಕೊಂಡಾನು.

ದೇವರ ಎತ್ತನ್ನೇ ಅಂಥ ಆಟಕ್ಕೆ ತರಬೇಕೆಂದರೆ ಲೆಕ್ಕವನ್ನು ತಿರುಗಿಸಬೇಕಾಗುತ್ತದೆ. ಎತ್ತಿಗೆ ಹೊಡೆತದ ಅಂಕ ಬೇಡ. ಆಟಗಾರನ ತಂಡ ಹಿಂಡನ್ನು ಹೊಡೆದುಕೊಂಡು ಹೋಗುತ್ತಿರುವ ತನಕ ಹಳ್ಳಿಗಳಲ್ಲಿ ಅವರಿಗೆ ಊಟ, ನೀರು, ಮಲಗಲು ಜಾಗ ತಪ್ಪುವುದಿಲ್ಲ. ಆದರೆ ದಿನಕ್ಕೆ ಇಷ್ಟೇ ಹರದಾರಿ, ಮೇವು ಸಿಗದ ದಾರಿ ಹಿಡಿಯುವಂತಿಲ್ಲ. ಎತ್ತಿನ ಬೆನ್ನಿನ ಮೇಲೆ ಗಂಟು ಹೇರಿದರೆ ಆ ಆದರ ಹೋಯಿತು. ಎತ್ತು ಸತ್ತರೆ ಎಂಟು ಗಂಟೆಯ ಮಂತ್ರ ಸಾಲದು, ಮಣ್ಣು ಮಾಡುವ ತನಕ ಕಥೆ ಮುಂದೆ ಹೋಗುವಂತಿಲ್ಲ. ಹೊಸ ಎತ್ತು ಬೇಕೆಂದರೆ ಯಾರಾದರೂ ಹರಕೆ ಹೊತ್ತು ಕರು ಬಿಡಬೇಕು. ಇಂಥ ನಿಯಮ ಬರೆದರೆ ಕತ್ತಿ ಕಾಳಗಕ್ಕೆ ಬಂದವರು ಎದ್ದು ಹೋದಾರು. ಕಥೆ ಕೇಳಲು ಬಂದವರು ಉಳಿಯುತ್ತಾರೆ.

ನೀಲಗಿರಿಯ ಹೋಲಿಕೆ

ಪವಿತ್ರ ಹಿಂಡಿನ ಪದ್ಧತಿಗೆ ದಕ್ಷಿಣ ಭಾರತದಲ್ಲಿ ಹೆಚ್ಚು ಅಧ್ಯಯನವಾದ ಉದಾಹರಣೆ ನೀಲಗಿರಿಯ ತೊದವರ ಎಮ್ಮೆಗಳು. ಡಬ್ಲ್ಯು.ಎಚ್.ಆರ್. ರಿವರ್ಸ್ 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಅಲ್ಲಿ ಹಾಲಿನ ಮನೆಯೇ ಗುಡಿ. ಅತ್ಯಂತ ಮಡಿಯ ಹಿಂಡನ್ನು ನೋಡಿಕೊಳ್ಳುವ ಪೂಜಾರಿ ಆ ಕೆಲಸದಲ್ಲಿರುವಷ್ಟು ಕಾಲ ಹೆಂಡತಿ ಮನೆಯಿಂದ ದೂರ ಇರಬೇಕಿತ್ತು. ಆದರೆ ತೊದವರ ಕಟ್ಟಳೆಯ ನಡುಮಧ್ಯ ಇರುವುದು ಹಾಲು: ಕರೆಯುವ ಕ್ರಮ, ಕಡೆಯುವ ಕ್ರಮ, ಪಾತ್ರೆಯ ಮಡಿ. ಸತ್ತವರ ಜೊತೆಗೆ ಪರಲೋಕಕ್ಕೆಂದು ಎಮ್ಮೆಯನ್ನು ಬಲಿ ಕೊಡುವುದೂ ಅವರಲ್ಲಿತ್ತು. ಬಯಲುಸೀಮೆಯ ದೇವರ ಎತ್ತಿನ ಪದ್ಧತಿಯಲ್ಲಿ ಹಾಲು ಮುಖ್ಯವಲ್ಲ, ಬಲಿಯೂ ಇಲ್ಲ. ಬದುಕಿರುವುದಷ್ಟೇ ಅದರ ಕೆಲಸ.

ಕಾವಲು ಕರಗಿದ ಮೇಲೆ

ಹಿಂಡು ಉಳಿಯಬೇಕಾದರೆ ಹುಲ್ಲು ಬೇಕು. 2007ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು ಕಾವಲು, ದೊಡ್ಡಉಳ್ಳಾರ್ತಿ ಸುತ್ತಿನ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲನ್ನು ಸರ್ಕಾರ ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಹಂಚಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಗೋಡೆ ಏಳತೊಡಗಿದ ಮೇಲೆಯೇ ಎಷ್ಟೋ ಹಳ್ಳಿಗಳಿಗೆ ವಿಷಯ ತಿಳಿದದ್ದು. ಕುರಿಗಾಹಿಗಳು, ಕಂಬಳಿ ನೇಯುವವರು, ದನದವರು ಬೀದಿಗಿಳಿದರು. ಪರಿಸರವಾದಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದರು. 2014ರಲ್ಲಿ ತೀರ್ಪು ಬಂತು. ಯೋಜನೆಗಳು ನಿಲ್ಲಲಿಲ್ಲ. 2017ರಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ಗೋಡೆ ಕಟ್ಟಿದ ಕಡೆ ಹಿಂಡಿನ ಹಳೆಯ ದಾರಿ ಕಡಿಯಿತು. ಬರದ ವರ್ಷಗಳಲ್ಲಿ ದೇವರ ಎತ್ತುಗಳಿಗೆ ಮೇವಿಲ್ಲ ಎಂಬ ಸುದ್ದಿ ಚಿತ್ರದುರ್ಗದ ಪತ್ರಿಕಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಗ ಮಠಗಳು, ವ್ಯಾಪಾರಿಗಳು, ದೂರದ ಊರಿನ ದಾನಿಗಳು ಲಾರಿಯಲ್ಲಿ ಹುಲ್ಲು ಕಳಿಸುತ್ತಾರೆ. ಮುಂಚೆ ಶೇಂಗಾ ಹೊಟ್ಟು ಊರಲ್ಲೇ ಸಿಗುತ್ತಿತ್ತು. ಶೇಂಗಾ ಬೆಳೆ ಕೈಕೊಟ್ಟ ವರ್ಷ ಹೊಟ್ಟೂ ಇಲ್ಲ, ಇದ್ದರೂ ಬೆಲೆ ಕಿಲಾರಿಯ ಕೈಗೆ ಎಟುಕುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಮನೆಗಳಲ್ಲಿ ಎತ್ತು ಸಾಕುವವರೇ ಕಡಿಮೆಯಾಗಿ ಹರಕೆಯ ಕರುಗಳೂ ಇಳಿಮುಖ.

ಕಟ್ಟೆಮನೆಗಳು ಇದಕ್ಕೆ ತಕ್ಕಂತೆ ಕಟ್ಟಳೆ ಸಡಿಲಿಸುತ್ತಿವೆ. ಹಿಂಡನ್ನು ಮೇಯಿಸಿಕೊಂಡೇ ಬದುಕಿಸಬೇಕು ಎಂಬುದು ಹಳೆಯ ನಡವಳಿಕೆ. ಈಗ ರೊಪ್ಪದಲ್ಲೇ ನಿಲ್ಲಿಸಿ ಕೊಂಡ ಮೇವು ಹಾಕುವುದಕ್ಕೆ ಒಪ್ಪಿಗೆಯಿದೆ. ಕಿಲಾರಿಗಳ ಮಕ್ಕಳು ಓದಲು ಚಳ್ಳಕೆರೆಗೆ, ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ. ಕೋಲು ಹಿಡಿಯಲು ಮುಂದಿನವರು ಯಾರು ಎಂಬ ಚರ್ಚೆ ಹಬ್ಬಕ್ಕೆ ಸೇರಿದಾಗಲೆಲ್ಲ ಬರುತ್ತದೆ. ಕೆಲವು ಕಡೆ ಹಿರಿಯ ಕಿಲಾರಿಗೆ ಊರವರೇ ತಿಂಗಳಿಗಿಷ್ಟು ಎಂದು ವಂತಿಗೆ ಎತ್ತಿ ಕೊಡುವ ಮಾತೂ ನಡೆದಿದೆ. ದೇವರ ಕೆಲಸಕ್ಕೆ ಸಂಬಳ ಸಲ್ಲುತ್ತದೆಯೇ ಎಂಬ ತಕರಾರು ಅದರ ಬೆನ್ನಿಗೇ ಎದ್ದಿದೆ.